ಲಗ್ನಪತ್ರಿಕೆಯಿಂದ ಅರ್ಜಿಯವರೆಗೆ: ತಪ್ಪಿಲ್ಲದೆ ಕನ್ನಡ ಬರೆಯುವ ಬಗೆ

ಗದಗಿನಲ್ಲಿ ಪ್ರೂಫ್ ನೋಡುವುದು ನನ್ನ ಕೆಲಸ. ನಮ್ಮೂರಿಗೆ ಮುದ್ರಣ ಕಾಶಿ ಅಂತಲೇ ಹೆಸರು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್, ಶಾಲೆಯ ಪ್ರಶ್ನೆಪತ್ರಿಕೆ, ಹೊಸ ಕವಿಗಳ ಪುಸ್ತಕ, ಎಲ್ಲವೂ ನನ್ನ ಮೇಜಿನ ಮೇಲೆ ಬಂದು ಹೋಗುತ್ತವೆ. ಬರೆದವರಲ್ಲಿ ಶಾಲೆ ಬಿಟ್ಟವರೂ ಇದ್ದಾರೆ, ಡಿಗ್ರಿ ಮುಗಿಸಿದವರೂ ಇದ್ದಾರೆ. ಆದರೆ ತಪ್ಪುಗಳು ಮಾತ್ರ ಹೆಚ್ಚುಕಡಿಮೆ ಅವವೇ.

ಕೆಲವು ವರ್ಷಗಳ ಹಿಂದೆ ಒಂದು ಮನೆಯವರ ವಾಸ್ತುಶಾಂತಿ ಪತ್ರಿಕೆ ಅಚ್ಚಾಯಿತು. 500 ಪ್ರತಿ. ತೆಗೆದುಕೊಂಡು ಹೋಗಲು ಮನೆಯ ಹಿರಿಯರೇ ಬಂದಿದ್ದರು. ಕಟ್ಟು ಬಿಚ್ಚಿ, ಕನ್ನಡಕ ಏರಿಸಿ, ಒಂದೊಂದೇ ಸಾಲು ಓದಿದರು. ಮೇಲಿನ ದೊಡ್ಡ ಅಕ್ಷರದ ಮೇಲೆ ಬೆರಳಿಟ್ಟು ನಿಂತರು. ‘ತಮ್ಮಾ, ನಾವು ಕಟ್ಟಿಸಿದ್ದು ಮನಿ. ಇಲ್ಲಿ ಗ್ರಹ ಅಂತ ಹೊಡದೀರಲ್ಲ’ ಅಂದರು. ಹೌದು, ‘ಗೃಹ ಪ್ರವೇಶ’ ಅನ್ನುವ ಕಡೆ ‘ಗ್ರಹ ಪ್ರವೇಶ’ ಅಂತ ಬಿದ್ದಿತ್ತು. ಗೃಹ ಅಂದರೆ ಮನೆ. ಗ್ರಹ ಅಂದರೆ ಶನಿ, ರಾಹು. ಶುಭಕಾರ್ಯದ ಪತ್ರಿಕೆಯಲ್ಲಿ ಅಂಥ ಮಾತು ಬಂದರೆ ಯಾರಿಗಾದರೂ ನೋವಾಗುತ್ತದೆ, ಅಲ್ವಾ? ಆ ರಾತ್ರಿಯೇ 500 ಪತ್ರಿಕೆ ಮತ್ತೆ ಅಚ್ಚು ಹಾಕಿಕೊಟ್ಟೆವು.

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ಅನುಮಾನ ಬಂದ ಪದವನ್ನು ಒಡೆದು ನೋಡುವುದು. ಅದು ಯಾವ ಪದದಿಂದ ಬಂತು, ಅದರ ಒಡಹುಟ್ಟಿದ ಪದಗಳು ಯಾವುವು ಅಂತ ಕೇಳಿಕೊಳ್ಳುವುದು. ಕಾಗುಣಿತವನ್ನು ಉರು ಹೊಡೆಯುವುದಕ್ಕಿಂತ ಇದು ಎಷ್ಟೋ ಸುಲಭ. ಮುಂದೆ ಹೇಳುವ ಹೆಜ್ಜೆಗಳಲ್ಲಿ ಹೆಚ್ಚಿನವು ಇದೇ ರೂಢಿಯಿಂದ ಹುಟ್ಟಿದವು.

ಮೊದಲ ಹೆಜ್ಜೆ: ಆಡುಮಾತೋ ಬರಹದ ಮಾತೋ, ತೀರ್ಮಾನಿಸಿ

ನಮ್ಮ ಕಡೆಯ ಮಾತು ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲೇ ಎಷ್ಟೊಂದು ಬರೆದರು. 1973ರ ಜ್ಞಾನಪೀಠ ಪ್ರಶಸ್ತಿ ಆ ಮಾತನ್ನು ಆಡಿ ಬೆಳೆದವರಿಗೇ ಬಂತು. ‘ಮನಿ’, ‘ಮ್ಯಾಲ’, ‘ಪ್ಯಾಟಿ’, ‘ಬರ್ತೇನಿ’ ಅಂತ ಕಥೆಯಲ್ಲಿ, ನಾಟಕದಲ್ಲಿ, ಪತ್ರದಲ್ಲಿ ಧಾರಾಳವಾಗಿ ಬರೆಯಿರಿ.

ತೊಂದರೆ ಆಗುವುದು ಎರಡನ್ನೂ ಒಂದೇ ಸಾಲಿನಲ್ಲಿ ಕಲಸಿದಾಗ. ‘ನಾನು ನಾಳೆ ಶಾಲಿಗೆ ಬರುತ್ತೇನಿ’ ಅನ್ನುವುದು ಅತ್ತ ಆಡುಮಾತೂ ಅಲ್ಲ, ಇತ್ತ ಬರಹವೂ ಅಲ್ಲ. ಅರ್ಜಿ, ಪತ್ರಿಕೆ, ವರದಿ ಬರೆಯುವಾಗ ಕೊನೆಯ ಸ್ವರ ನೋಡಿಕೊಳ್ಳಿ. ನಾವು ಮಾತಿನಲ್ಲಿ ‘ಎ’ಯನ್ನು ‘ಇ’ ಮಾಡುತ್ತೇವೆ. ಸಭೆ ‘ಸಭಿ’ ಆಗುತ್ತದೆ, ಪೂಜೆ ‘ಪೂಜಿ’ ಆಗುತ್ತದೆ.

ಇದಕ್ಕೊಂದು ಒಳ್ಳೆಯ ಪರೀಕ್ಷೆ ಇದೆ. ಆ ಪದ ಬೇರೆ ಪದದ ಜೊತೆ ಸೇರಿದಾಗ ಏನಾಗುತ್ತದೆ ನೋಡಿ. ಸಭಾಭವನ, ಪೂಜಾಮಂದಿರ, ಶಾಲಾ ಮಕ್ಕಳು, ಭಾಷಾಂತರ, ಪರೀಕ್ಷಾ ಕೇಂದ್ರ. ಅಲ್ಲಿ ‘ಆ’ ಕೇಳಿಸಿದರೆ ಒಂಟಿಯಾಗಿ ಬರೆಯುವಾಗ ‘ಎ’: ಸಭೆ, ಪೂಜೆ, ಶಾಲೆ, ಭಾಷೆ, ಪರೀಕ್ಷೆ. ‘ಶಕ್ತಿ’ ಹಾಗಲ್ಲ. ಅದು ಶಕ್ತಿಪೀಠದಲ್ಲೂ ‘ಇ’ಯಾಗಿಯೇ ಉಳಿಯುತ್ತದೆ. ಬುದ್ಧಿ, ಭಕ್ತಿ, ಕೃತಿ ಇವೂ ಹಾಗೆಯೇ. ಮನೆ, ತಲೆ, ಬೇಳೆಯಂಥ ಅಚ್ಚಗನ್ನಡ ಪದಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಆದರೆ ಅವು ದಿನವೂ ಕಣ್ಣಿಗೆ ಬೀಳುವ ಪದಗಳು, ಬೇಗ ರೂಢಿಯಾಗುತ್ತವೆ.

ಎರಡನೇ ಹೆಜ್ಜೆ: ಮಹಾಪ್ರಾಣ ಎಲ್ಲಿ, ಎಲ್ಲಿ ಬೇಡ

ಮಹಾಪ್ರಾಣ ಅಂದರೆ ಖ, ಘ, ಧ, ಭ ಇಂಥ ಉಸಿರೊತ್ತಿ ಹೇಳುವ ಅಕ್ಷರ. ಅತಿ ಜಾಸ್ತಿ ತಪ್ಪು ಬರುವುದು ಇಲ್ಲೇ. ಬೇಕಾದ ಕಡೆ ಬಿಡುತ್ತೇವೆ, ಬೇಡದ ಕಡೆ ಅಕ್ಷರದ ಬುಡ ಸೀಳಿ ಹಾಕುತ್ತೇವೆ.

ಅಚ್ಚಗನ್ನಡ ಪದಗಳಿಗೆ ಸಾಮಾನ್ಯವಾಗಿ ಮಹಾಪ್ರಾಣ ಇಲ್ಲ. ಬಾಗಿಲು, ದಾರಿ, ಗಿಡ, ದನ, ಒಂಬತ್ತು. ಹೀಗಾಗಿ ‘ಭಾಗಿಲು’, ‘ಧಾರಿ’, ‘ಒಂಭತ್ತು’ ತಪ್ಪು. ಘಮಘಮ, ಧಗಧಗ ಅನ್ನುವಂಥ ಸದ್ದಿನ, ವಾಸನೆಯ ಪದಗಳು ಮಾತ್ರ ಬೇರೆ. ಇನ್ನು ಅರ್ಥವೇ ತಿರುಗಿಬೀಳುವ ಜೋಡಿಗಳಿವೆ. ದನ ಕೊಟ್ಟಿಗೆಯಲ್ಲಿ ಇರುವುದು, ಧನ ಪೆಟ್ಟಿಗೆಯಲ್ಲಿ ಇರುವುದು. ‘ಮೂರು ಬಾರಿ’ ಅಂದರೆ ಮೂರು ಸಲ, ‘ಭಾರಿ ಮಳೆ’ ಅಂದರೆ ದೊಡ್ಡ ಮಳೆ. ನಮ್ಮ ‘ಭಾಳ’ ಎಂಬ ಮಾತಿನದೂ ಒಂದು ಸ್ವಾರಸ್ಯ. ‘ಬಹಳ’ದ ಬ ಮತ್ತು ಹ ಬಾಯಲ್ಲಿ ಕೂಡಿಕೊಂಡು ಭ ಆಗಿದೆ. ಬರೆಯುವಾಗ ಬಿಡಿಸಿ ‘ಬಹಳ’ ಅಂತ ಬರೆದರಾಯಿತು.

ಸಂಸ್ಕೃತದಿಂದ ಬಂದ ಪದಗಳಿಗೆ ಒಡೆಯುವ ಉಪಾಯವೇ ಸರಿ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಹೆಸರನ್ನೇ ತೆಗೆದುಕೊಳ್ಳಿ. 1890ರಲ್ಲಿ ಕನ್ನಡಕ್ಕಾಗಿ ಹುಟ್ಟಿದ ಸಂಘ ಅದು. ಆ ಹೆಸರನ್ನು ‘ವಿಧ್ಯಾವರ್ದಕ ಸಂಗ’ ಅಂತ ಬರೆದದ್ದನ್ನು ನಾನೇ ತಿದ್ದಿದ್ದೇನೆ. ಮೂರು ಕಡೆ ಮೂರು ತಪ್ಪು. ವಿದ್ಯಾ, ವಿದ್ವಾಂಸ, ವೇದ ಇವೆಲ್ಲ ಒಂದೇ ಮನೆಯ ಮಕ್ಕಳು. ಯಾವುದರಲ್ಲೂ ಧ ಇಲ್ಲ. ಆದ್ದರಿಂದ ವಿದ್ಯಾರ್ಥಿ, ವಿದ್ಯಾಭ್ಯಾಸ. ವರ್ಧಕ ಬಂದದ್ದು ವೃದ್ಧಿಯ ಕಡೆಯಿಂದ, ಅಲ್ಲಿ ಧ ಇದೆ. ಸಂಘಟನೆ, ಸಂಘರ್ಷದಲ್ಲಿ ಇರುವ ಹಾಗೆ ಸಂಘದಲ್ಲೂ ಘ. ‘ಸಂಗ’ ಅಂದರೆ ಸಹವಾಸ, ಅದು ಬೇರೆ ಪದ.

ಪದದ ಮುಂದೆ ಬರುವ ತುಣುಕುಗಳನ್ನು ಗುರುತಿಸಿಕೊಂಡರೆ ಒಂದೇ ಏಟಿಗೆ ಹತ್ತಾರು ಪದ ಸರಿಹೋಗುತ್ತವೆ. ‘ಅಧಿ’ ಇದ್ದರೆ ಧ: ಅಧಿಕಾರಿ, ಅಧ್ಯಕ್ಷ, ಅಧ್ಯಾಪಕ, ಅಧ್ಯಯನ. ‘ಅಭಿ’ ಇದ್ದರೆ ಭ: ಅಭಿನಂದನೆ, ಅಭಿಮಾನ, ಅಭಿವೃದ್ಧಿ. ‘ಉದ್’ ಇದ್ದರೆ ದ: ಉದ್ಘಾಟನೆ, ಉದ್ಯೋಗ, ಉದ್ಭವ. ‘ಸಂಬಂಧ’ವನ್ನು ಎಷ್ಟು ಬಗೆಯಲ್ಲಿ ತಪ್ಪು ಬರೆಯುತ್ತಾರೋ ಲೆಕ್ಕವಿಲ್ಲ. ಸಂ ತೆಗೆದರೆ ಉಳಿಯುವುದು ‘ಬಂಧ’. ಬಂಧು, ಬಂಧನ, ಪ್ರಬಂಧ ಎಲ್ಲದರಲ್ಲೂ ಬ ಹಗುರ, ಧ ಭಾರ. ಇದು ತಲೆಯಲ್ಲಿ ಕೂತರೆ ‘ಬಂಧು-ಬಾಂಧವರು’ ಕೂಡ ತಾನಾಗಿ ಸರಿ ಬರುತ್ತದೆ.

ಫ್ಲೆಕ್ಸ್ ಮೇಲಿನ ‘ಹಾರ್ದಿಕ ಶುಭಾಶಯಗಳು’ ನೋಡಿ. ಹಾರ್ದಿಕ ಬಂದದ್ದು ಹೃದಯದಿಂದ, ಆದ್ದರಿಂದ ಬರೀ ದ. ಅದನ್ನು ‘ಆರ್ಥಿಕ ಶುಭಾಶಯ’ ಅಂತ ಬರೆದರೆ ಅದು ಅರ್ಥದಿಂದ, ಅಂದರೆ ಹಣದಿಂದ ಬಂದ ಪದವಾಗುತ್ತದೆ. ಶುಭಾಶಯವೂ ಅಷ್ಟೆ. ಒಡೆದರೆ ಶುಭ ಮತ್ತು ಆಶಯ. ‘ಶುಭಾಷಯ’ದಲ್ಲಿರುವ ‘ಆಷಯ’ ಎಂಬ ಪದವೇ ಇಲ್ಲ.

ಒತ್ತಕ್ಷರದ ಮಾತು ಒಂದಿದೆ. ಒಂದೇ ಮಹಾಪ್ರಾಣ ಇಮ್ಮಡಿಯಾಗಬೇಕಾದಾಗ ಮೇಲಿನದು ಹಗುರಾಗುತ್ತದೆ, ಒತ್ತು ಭಾರವಾಗಿ ಉಳಿಯುತ್ತದೆ. ಶುದ್ಧ, ಯುದ್ಧ, ಪ್ರಸಿದ್ಧ, ವಿರುದ್ಧ, ಶ್ರದ್ಧಾಂಜಲಿ, ಸ್ವಚ್ಛ, ಇಚ್ಛೆ. ‘ಶುಧ್ದ’ ಅಂತ ತಿರುಗುಮುರುಗು ಬರೆಯುವುದು ಎಲ್ಲಿಯೂ ಸರಿಯಲ್ಲ. ಇದ್ದ, ಬಿದ್ದ, ಗದ್ದೆ, ಉದ್ದ ನಮ್ಮ ಅಚ್ಚಗನ್ನಡದವು, ಇವಕ್ಕೆ ದ್ದ ಸಾಕು. ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ ಇಳಿದಾಗ ಹೆಸರಿನ ಫಲಕ ಗಮನಿಸಿ: ಶ್ರೀ ಸಿದ್ಧಾರೂಢ ಸ್ವಾಮೀಜಿ. ಸಿದ್ಧ ಮತ್ತು ಆರೂಢ ಸೇರಿ ಸಿದ್ಧಾರೂಢ. ಸಿದ್ಧಾರೂಢ ಅಜ್ಜನವರ ಹೆಸರಿನ ಅಂಗಡಿ, ಗಾಡಿ, ಸಂಘಗಳು ನಮ್ಮ ಕಡೆ ಬೇಕಾದಷ್ಟಿವೆ. ‘ಸಿದ್ದಾರೂಡ’ ಅಂತ ಬರೆಸಿದ್ದರೆ ಮುಂದಿನ ಸಲ ಬಣ್ಣ ಹೊಡೆಸುವಾಗ ತಿದ್ದಿಸಿ.

ಮೂರನೇ ಹೆಜ್ಜೆ: ಶ, ಷ, ಸ. ಪಕ್ಕದ ಅಕ್ಷರ ನೋಡಿ

ಉಚ್ಚಾರದಲ್ಲಿ ಶ ಮತ್ತು ಷ ಈಗ ಬೇರೆಯಾಗಿ ಕೇಳಿಸುವುದೇ ಕಡಿಮೆ. ಕಿವಿಯನ್ನು ನಂಬಿ ಕೂತರೆ ಕೆಟ್ಟೆವು. ಆದರೆ ಒತ್ತಕ್ಷರದಲ್ಲಿ ಕಣ್ಣು ಸಹಾಯ ಮಾಡುತ್ತದೆ. ನಾಲಿಗೆ ಒಂದೇ ಜಾಗದಲ್ಲಿ ತಾಗುವ ಅಕ್ಷರಗಳು ಜೊತೆಯಾಗಿರುತ್ತವೆ. ಚ ಜೊತೆಗೆ ಶ: ನಿಶ್ಚಿತಾರ್ಥ, ಆಶ್ಚರ್ಯ, ಪಶ್ಚಿಮ. ಟ, ಠ, ಣ ಜೊತೆಗೆ ಷ: ಕಷ್ಟ, ಗೋಷ್ಠಿ, ಕೃಷ್ಣ. ತ, ಥ ಜೊತೆಗೆ ಸ: ಸಮಸ್ತ, ವ್ಯವಸ್ಥೆ, ಸ್ಥಳ.

ಷ್ಟ ಮತ್ತು ಷ್ಠದ ಗೊಂದಲಕ್ಕೂ ದಾರಿ ಇದೆ. ‘ಎಲ್ಲಕ್ಕಿಂತ’ ಅನ್ನುವ ಅರ್ಥ ಇದ್ದರೆ ಷ್ಠ: ಕನಿಷ್ಠ, ಗರಿಷ್ಠ, ಶ್ರೇಷ್ಠ, ಜ್ಯೇಷ್ಠ. ನಿಲ್ಲುವುದು, ನೆಲೆಗೊಳಿಸುವುದು ಅನ್ನುವ ಅರ್ಥ ಇದ್ದರೂ ಷ್ಠ: ನಿಷ್ಠೆ, ಪ್ರತಿಷ್ಠಾನ, ಅನುಷ್ಠಾನ. ಕಷ್ಟ, ನಷ್ಟ, ಸ್ಪಷ್ಟ, ಅದೃಷ್ಟ ಇವಕ್ಕೆ ಷ್ಟ. ಎಷ್ಟು, ಅಷ್ಟು ನಮ್ಮವೇ, ಅವಕ್ಕೂ ಷ್ಟ.

ಒಂಟಿಯಾಗಿ ಬರುವ ಶ, ಷಗಳಿಗೆ ಇಂಥ ಗಟ್ಟಿ ನಿಯಮ ಇಲ್ಲ. ಒಂದಿಷ್ಟು ಪದ ನೆನಪಿಟ್ಟುಕೊಳ್ಳಲೇಬೇಕು. ವಿಶೇಷದಲ್ಲಿ ಮೊದಲು ಶ, ಆಮೇಲೆ ಷ. ವಿಷಯ, ಭಾಷೆ, ಪುರುಷ, ದೋಷದಲ್ಲಿ ಷ. ದೇಶ, ಪ್ರವೇಶ, ಆದೇಶ, ಅವಕಾಶದಲ್ಲಿ ಶ. ಪದದ ಮೊದಲಲ್ಲೇ ಷ ಬರುವುದು ಬಹಳ ಅಪರೂಪ. ಷಷ್ಠಿ, ಷಟ್ಪದಿಯಂಥ ಆರರ ಲೆಕ್ಕದ ಪದಗಳಲ್ಲೇ ಹೆಚ್ಚಾಗಿ ಕಾಣುತ್ತದೆ.

ನಾಲ್ಕನೇ ಹೆಜ್ಜೆ: ನ, ಣ ಮತ್ತು ಲ, ಳ

‘ಮುದ್ರಣ’ದಲ್ಲಿ ಣ, ‘ಭೋಜನ’ದಲ್ಲಿ ನ. ಯಾಕೆ? ಮುದ್ರಣದಲ್ಲಿ ಮೊದಲೇ ಒಂದು ರ ಬಂದಿದೆ. ಸಂಸ್ಕೃತದ ಪದದಲ್ಲಿ ರ, ಋ, ಷ ಬಂದು ಹೋದ ಮೇಲೆ ನ ಬಂದರೆ ಅದು ಣ ಆಗುತ್ತದೆ. ಕಾರಣ, ಆಮಂತ್ರಣ, ನಾಮಕರಣ, ನಿರ್ಮಾಣ, ಆಚರಣೆ, ಲೋಕಾರ್ಪಣೆ, ಭಾಷಣ. ಶಿಕ್ಷಣ, ರಕ್ಷಣೆಯ ಕ್ಷದೊಳಗೂ ಒಂದು ಷ ಅಡಗಿದೆ. ಭೋಜನ, ಉದ್ಘಾಟನೆ, ಸನ್ಮಾನ, ಆಹ್ವಾನದಲ್ಲಿ ರ ಇಲ್ಲ, ಹೀಗಾಗಿ ನ. ಆಹ್ವಾನದಲ್ಲಿ ಹ ಮೇಲೆ, ವ ಒತ್ತು. ‘ಆವ್ಹಾನ’ ಅಂತ ಬರೆದವರು ತುಂಬ ಜನ, ನೋಡಿಕೊಳ್ಳಿ.

ನಡುವೆ ತ, ಥ, ದ, ಧ, ಚ, ಜ, ಶ, ಸ, ಲ ಇಂಥವು ಬಂದರೆ ರದ ಪ್ರಭಾವ ಅಲ್ಲಿಗೇ ನಿಲ್ಲುತ್ತದೆ. ಪ್ರಾರ್ಥನೆ, ದರ್ಶನ, ಅರ್ಚನೆ, ಪ್ರಧಾನ ಇವುಗಳಲ್ಲಿ ನ ಉಳಿದದ್ದು ಅದಕ್ಕೇ. ಎರಡು ಬೇರೆ ಪದ ಸೇರಿದ್ದರೂ ಸಾಮಾನ್ಯವಾಗಿ ಎರಡನೆಯ ಪದದ ಮೊದಲ ನ ಬದಲಾಗುವುದಿಲ್ಲ. ನಮ್ಮ ಗದಗಿನ ದೇವರ ಹೆಸರಲ್ಲೇ ಎರಡೂ ಇವೆ. ವೀರನಾರಾಯಣ. ವೀರದ ರ ದಾಟಿ ಬಂದರೂ ‘ನಾ’ ಹಾಗೇ ಇದೆ, ನಾರಾಯಣದ ಒಳಗಿನ ರ ಮಾತ್ರ ಕೊನೆಯಲ್ಲಿ ಣ ತಂದಿದೆ. ಗುಣ, ಪುಣ್ಯ, ಕಲ್ಯಾಣ, ವೀಣೆ ಈ ಲೆಕ್ಕಕ್ಕೆ ಸಿಗದ ಪದಗಳು. ಅವುಗಳಲ್ಲಿ ಣ ಹುಟ್ಟಿನಿಂದಲೇ ಇದೆ.

ಲ, ಳದಲ್ಲಿ ನಮ್ಮ ಕಡೆಯವರು ತಪ್ಪುವುದು ಕಡಿಮೆ. ಬಾಯಲ್ಲೇ ಳ ಗಟ್ಟಿಯಾಗಿದೆ. ಆದರೂ ಟೈಪ್ ಮಾಡುವಾಗ ಬೆರಳು ಜಾರುತ್ತದೆ. ‘ರೈತರ ಬೆಳೆಗೆ ಬೆಲೆ ಕೊಡಿ’ ಅನ್ನುವ ಬ್ಯಾನರ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಬೇಡಿಕೆಯೇ ತಿಳಿಯದಂತಾಗುತ್ತದೆ. ಹಾಲು-ಹಾಳು, ಹುಲಿ-ಹುಳಿ, ಕಲೆ-ಕಳೆ, ಕೊಲೆ-ಕೊಳೆ ಇವನ್ನು ಎರಡು ಸಲ ನೋಡಿ.

ಐದನೇ ಹೆಜ್ಜೆ: ಸುಳಿ, ಅರ್ಕಾವತ್ತು, ಜ್ಞ

ಕೃಷಿ, ಗೃಹ, ಹೃದಯ, ಸಂಸ್ಕೃತಿ, ದೃಷ್ಟಿ, ಜಾಗೃತಿ. ಇವುಗಳಲ್ಲಿ ಇರುವುದು ಋ, ಅಂದರೆ ಅಕ್ಷರದ ಪಕ್ಕದ ಸುಳಿ, ರ ಒತ್ತಲ್ಲ. ಇದಕ್ಕೆ ಉಲ್ಟಾ, ‘ಶ್ರುತಿ’ಯಲ್ಲಿ ಇರುವುದು ರ ಒತ್ತು, ಜೊತೆಗೆ ಉ. ‘ಶ್ರವಣ’ ಎಂಬ ಪದ ನೆನೆಸಿಕೊಂಡರೆ ರ ಒತ್ತು ಕಾಣುತ್ತದೆ.

ಅರ್ಕಾವತ್ತು ಬರೆಯುವ ಜಾಗ ಒಂದು, ಓದುವ ಜಾಗ ಇನ್ನೊಂದು. ಅಕ್ಷರದ ಬಲಕ್ಕೆ ಬರೆಯುತ್ತೇವೆ, ಅಕ್ಷರಕ್ಕಿಂತ ಮೊದಲು ಓದುತ್ತೇವೆ. ‘ಆಶೀರ್ವಾದ’ ಎಡವುವುದು ಇಲ್ಲೇ. ನಿಧಾನವಾಗಿ ಹೇಳಿ: ಆ, ಶೀರ್, ವಾ, ದ. ರ್ ಬಂದದ್ದು ವಾ ಮೊದಲು, ಆದ್ದರಿಂದ ಗುರುತು ವಾ ಪಕ್ಕದಲ್ಲಿ. ‘ಆರ್ಶೀವಾದ’ ಅಂತ ಬರೆದರೆ ಅದು ಶೀ ಮೊದಲಿಗೆ ಹೋಗಿ ಕೂರುತ್ತದೆ. ಮುಹೂರ್ತ, ವಾರ್ಷಿಕೋತ್ಸವ, ಕಾರ್ಯಕ್ರಮ ಎಲ್ಲಕ್ಕೂ ಇದೇ ರೀತಿ ಬಿಡಿಸಿ ಹೇಳಿ ನೋಡಿ.

ಜ್ಞ ಅಂದರೆ ಜ್ ಕೆಳಗೆ ಞ. ಅರ್ಥ ‘ತಿಳಿದವನು’. ಹಾವೇರಿ ಜಿಲ್ಲೆಯ ಜನ ತಮ್ಮವನೆಂದು ಎದೆಗೊತ್ತಿಕೊಂಡ ಸರ್ವಜ್ಞನ ಹೆಸರು ಒಡೆದರೆ ಸಿಗುವುದು ಇದೇ, ಎಲ್ಲವನ್ನೂ ತಿಳಿದವನು. ಕೃತಜ್ಞ, ತಜ್ಞ, ವಿಜ್ಞಾನ ಎಲ್ಲವೂ ಇದೇ ಅಕ್ಷರದಿಂದ.

ಪದ ಕೂಡುವ ಜಾಗದಲ್ಲೂ ಒಡೆದು ನೋಡುವುದು ನೆರವಿಗೆ ಬರುತ್ತದೆ. ರಾಜ್ಯ ಮತ್ತು ಉತ್ಸವ ಸೇರಿ ರಾಜ್ಯೋತ್ಸವ. ನವೆಂಬರ್ ಬಂತೆಂದರೆ ‘ರಾಜೋತ್ಸವ’ ಬೀದಿ ಬೀದಿಯಲ್ಲಿ ಕಾಣುತ್ತದೆ, ಅದು ರಾಜನ ಉತ್ಸವವಾಯಿತು. ಸತ್ ಮತ್ತು ಮಾನ ಸೇರಿ ಸನ್ಮಾನ. ಸಂ ಮತ್ತು ಮೇಳನ ಸೇರಿ ಸಮ್ಮೇಳನ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಾಗ ಈ ಪದವನ್ನು ಎಷ್ಟು ಸಲ ತಿದ್ದಿದೆನೋ ನನಗೇ ನೆನಪಿಲ್ಲ. ಅಂತರ್ ಮತ್ತು ರಾಷ್ಟ್ರೀಯ ಸೇರಿದರೆ ಅಂತಾರಾಷ್ಟ್ರೀಯ. ‘ಅಂತರರಾಷ್ಟ್ರೀಯ’ವೂ ಬಳಕೆಯಲ್ಲಿದೆ. ‘ಅಂತರಾಷ್ಟ್ರೀಯ’ ಮಾತ್ರ ಎರಡೂ ಅಲ್ಲ.

ಆರನೇ ಹೆಜ್ಜೆ: ಪ್ರತ್ಯಯವನ್ನು ಪದಕ್ಕೆ ಅಂಟಿಸಿ

‘ಹುಬ್ಬಳ್ಳಿ ಇಂದ ಧಾರವಾಡ ಕ್ಕೆ’, ‘ಶಾಲೆ ಯಲ್ಲಿ’, ‘ಸಂಘ ದ ವತಿಯಿಂದ’. ಈಚೆಗೆ ಇದು ತುಂಬ ಹೆಚ್ಚಾಗಿದೆ. ಮೊಬೈಲ್ ಒಂದು ಪದ ಹಾಕಿದ ಕೂಡಲೇ ತಾನೇ ಜಾಗ ಬಿಡುತ್ತದೆ, ನಾವು ಹಾಗೇ ಮುಂದುವರಿಯುತ್ತೇವೆ. ಕನ್ನಡದಲ್ಲಿ ಇಂದ, ಗೆ, ಅಲ್ಲಿ, ಅನ್ನು ಒಂಟಿಯಾಗಿ ನಿಲ್ಲುವುದಿಲ್ಲ. ಹುಬ್ಬಳ್ಳಿಯಿಂದ, ಧಾರವಾಡಕ್ಕೆ, ಶಾಲೆಯಲ್ಲಿ, ಸಂಘದ ವತಿಯಿಂದ. ಇ, ಎಯಿಂದ ಮುಗಿದ ಪದಕ್ಕೆ ನಡುವೆ ಯ ಬರುತ್ತದೆ: ಹಾವೇರಿಯಿಂದ, ಮನೆಯನ್ನು. ‘ಅ’ಯಿಂದ ಮುಗಿದ, ಮನುಷ್ಯರನ್ನು ಹೇಳದ ಪದಕ್ಕೆ ವ ಅಥವಾ ದ ಬರುತ್ತದೆ: ಮರವನ್ನು, ಮರದಿಂದ. ಬೇಕು, ಬಾರದು, ಕೂಡದು ಕೂಡ ಹಿಂದಿನ ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತವೆ: ಮಾಡಬೇಕು, ಹೋಗಬಾರದು.

ಏಳನೇ ಹೆಜ್ಜೆ: ಯಾರು, ಎಷ್ಟು ಅನ್ನುವುದಕ್ಕೆ ಕ್ರಿಯಾಪದ ಹೊಂದಿಸಿ

‘ಊರಲ್ಲಿ ಅನೇಕ ಸಮಸ್ಯೆಗಳು ಇದೆ’ ಅಂತ ಅರ್ಜಿಯಲ್ಲಿ ಬರೆಯುತ್ತಾರೆ. ಸಮಸ್ಯೆಗಳು ಇವೆ. ಹಕ್ಕಿಗಳು ಹಾರುತ್ತವೆ, ಹಾರುತ್ತದೆ ಅಲ್ಲ. ವಾಕ್ಯ ಉದ್ದವಾದಾಗ ಮೊದಲಿನ ‘ಗಳು’ ಮರೆತುಹೋಗುತ್ತದೆ, ಕೊನೆಯಲ್ಲಿ ತಪ್ಪು ಬೀಳುತ್ತದೆ. ಉದ್ದ ವಾಕ್ಯವನ್ನು ಎರಡು ಮಾಡಿ.

ಮಕ್ಕಳು, ಜನರು, ಶಿಕ್ಷಕರು ಆಗಲೇ ಬಹುವಚನ. ‘ಮಕ್ಕಳುಗಳು’, ‘ಶಿಕ್ಷಕರುಗಳು’ ಬೇಡ. ಸಂಖ್ಯೆ ಇದ್ದರೆ ‘ಹತ್ತು ಪುಸ್ತಕ’ ಸಾಕು.

ಪತ್ರಿಕೆಯ ಕೊನೆಯ ‘ಸುಖಾಗಮನ ಬಯಸುವರು’ ಎಂಬ ಸಾಲನ್ನು ನಾನು ಪ್ರತಿ ಸಲ ತಿದ್ದುತ್ತೇನೆ. ಬಯಸುವರು ಅಂದರೆ ‘ಅವರು ಬಯಸುತ್ತಾರೆ’. ಕೆಳಗೆ ಹೆಸರುಗಳ ಪಟ್ಟಿ ಬರಬೇಕಾದರೆ ‘ಬಯಸುವವರು’ ಆಗಬೇಕು. ಫ್ಲೆಕ್ಸ್‌ನಲ್ಲಿ ‘ಶುಭ ಕೋರುವವರು’ ಅಂತ ಎರಡು ವ. ಬೇಡದ ಕಡೆ ‘ಮಾಡಲ್ಪಟ್ಟಿದೆ’, ‘ನೀಡಲ್ಪಟ್ಟಿದೆ’ ಅಂತ ಬರೆಯುವುದನ್ನೂ ಬಿಡಿ. ‘ನಾವು ಕೊಟ್ಟಿದ್ದೇವೆ’ ಅಂದರೆ ಯಾರು ಕೊಟ್ಟರು ಅಂತ ಓದುವವರಿಗೆ ತಿಳಿಯುತ್ತದೆ.

ಎಂಟನೇ ಹೆಜ್ಜೆ: ಟೈಪ್ ಮಾಡುವಾಗ

ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ದ ಇರುವ ಕೀಲಿಗೆ ಶಿಫ್ಟ್ ಒತ್ತಿದರೆ ಧ. ಬೆರಳು ತಡವಾದರೆ ದ ಬೀಳುತ್ತದೆ, ಕಣ್ಣಿಗೆ ಥಟ್ಟನೆ ಕಾಣುವುದಿಲ್ಲ. ‘ಅಂ’ ಅನ್ನುವಲ್ಲಿನ ಅನುಸ್ವಾರದ ಸೊನ್ನೆಯ ಜಾಗದಲ್ಲಿ ಅಂಕಿಯ ಸೊನ್ನೆ ಹಾಕುವವರಿದ್ದಾರೆ. ಕಾಗದದ ಮೇಲೆ ಎರಡೂ ಒಂದೇ ತರ ಕಾಣುತ್ತವೆ, ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ. ಆಮೇಲೆ ಆ ಪದ ಹುಡುಕಿದರೆ ಸಿಗುವುದಿಲ್ಲ. ಮಾತಾಡಿ ಬರೆಸುವ ಸೌಲಭ್ಯ ಬಳಸಿದರೆ ಗೃಹ-ಗ್ರಹ, ಬಾರಿ-ಭಾರಿಯಂಥ ಜೋಡಿಗಳನ್ನು ನೀವೇ ನೋಡಬೇಕು. ಅನುಮಾನ ಉಳಿದರೆ ನಿಘಂಟು ತೆರೆಯಿರಿ. ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಮೇಜಿನ ಮೇಲಿರಲಿ. ಮೊಬೈಲಿನಲ್ಲಿ ನೋಡುವವರಿಗೆ ಅಲರ್ ನಿಘಂಟು ಇದೆ.

ಕೊನೆಯ ಹೆಜ್ಜೆ: ಪ್ರೂಫ್ ನೋಡುವುದು

ಬರೆದ ಕೂಡಲೇ ತಿದ್ದಬೇಡಿ. ಒಂದು ಚಹಾ ಕುಡಿದು ಬನ್ನಿ. ಪರದೆಯ ಮೇಲೆ ಕಾಣದ ತಪ್ಪು ಕಾಗದದ ಮೇಲೆ ಕಾಣುತ್ತದೆ, ಒಂದು ಪ್ರಿಂಟ್ ತೆಗೆದುಕೊಳ್ಳಿ. ಮೊದಲ ಸಲ ಅರ್ಥಕ್ಕಾಗಿ ಓದಿ. ಎರಡನೇ ಸಲ ಕೊನೆಯ ಪದದಿಂದ ಹಿಂದಕ್ಕೆ ಓದಿ. ಆಗ ಅರ್ಥ ಎಳೆದುಕೊಂಡು ಹೋಗುವುದಿಲ್ಲ, ಅಕ್ಷರ ಮಾತ್ರ ಕಾಣುತ್ತದೆ. ದೊಡ್ಡ ಅಕ್ಷರದ ತಲೆಬರಹವನ್ನು ಬೆರಳಿಟ್ಟು ಓದಿ, ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲವಾದ್ದರಿಂದ ತಪ್ಪು ಅಲ್ಲೇ ಉಳಿಯುತ್ತದೆ. ತಾರೀಖು ಮತ್ತು ವಾರ ಕೂಡುತ್ತವೆಯೇ ಕ್ಯಾಲೆಂಡರ್ ತೆಗೆದು ನೋಡಿ. ‘ಗಂಟೆ’ ಅಥವಾ ‘ಘಂಟೆ’, ಯಾವುದನ್ನಾದರೂ ಬರೆಯಿರಿ, ಒಂದು ಪತ್ರಿಕೆಯಲ್ಲಿ ಒಂದೇ ಇರಲಿ. ನನಗೆ ‘ಗಂಟೆ’ ಇಷ್ಟ.

ಹೆಸರುಗಳ ವಿಷಯದಲ್ಲಿ ಮಾತ್ರ ಈ ನಿಯಮಗಳನ್ನೆಲ್ಲ ಪಕ್ಕಕ್ಕಿಡಿ. ಮದುಮಗಳು ತನ್ನ ಹೆಸರನ್ನು ‘ಶೃತಿ’ ಅಂತಲೇ ಬರೆದುಕೊಳ್ಳುತ್ತಿದ್ದರೆ ಅದು ‘ಶೃತಿ’ಯೇ. ತಿದ್ದುವ ಮೊದಲು ಫೋನ್ ಮಾಡಿ ಕೇಳಿ. ಮನೆಯವರ ಕೈಬರಹದಲ್ಲೇ ಹೆಸರಿನ ಪಟ್ಟಿ ಬರೆಸಿಕೊಳ್ಳಿ, ಪ್ರೂಫ್ ಕಾಗದದ ಕೆಳಗೆ ಅವರ ಸಹಿ ಹಾಕಿಸಿಕೊಳ್ಳಿ, ಆಮೇಲೆ ಅಚ್ಚಿಗೆ ಕಳಿಸಿ.